ಧ್ರುವಪ್ರಭೆಯನ್ನು ಮೇಲಿನಿಂದ ನೋಡಬೇಕಾದ ಕಾರಣ

2024ರ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಉತ್ತರ ದಿಗಂತ ಕೆಂಪಾಯಿತು. ಐಐಎ ಎಂದೇ ಪರಿಚಿತವಾದ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾ ಅದನ್ನು ದಾಖಲಿಸಿತು. ಒಂದೆರಡು ದಿನಗಳಲ್ಲಿ ಆ ಚಿತ್ರಗಳು ದೇಶದ ತುಂಬ ಹರಿದಾಡಿದವು. ಬೆಂಗಳೂರಿಗೆ ಇದು ದೂರದ ಸುದ್ದಿಯಲ್ಲ. ಐಐಎಯ ಕೇಂದ್ರ ಕಚೇರಿ ಇರುವುದು ಕೋರಮಂಗಲದಲ್ಲಿ. ಹಾನ್ಲೆಯ ಎರಡು ಮೀಟರ್ ವ್ಯಾಸದ ಚಂದ್ರ ಟೆಲಿಸ್ಕೋಪನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ನಗರದಿಂದ ಸುಮಾರು 30 ಕಿಲೋಮೀಟರ್ ದೂರದ ಹೊಸಕೋಟೆಯಿಂದ. ಆದರೆ ಚಿತ್ರದ ಜೊತೆಗೆ ಹರಡಿದ ವಿವರಣೆ ಮಾತ್ರ ಹೆಚ್ಚುಕಡಿಮೆ ನೂರು ವರ್ಷ ಹಳೆಯದು. ಸೂರ್ಯನಿಂದ ಸಿಡಿದ ಕಣಗಳು ಭೂಮಿಯತ್ತ ಧಾವಿಸುತ್ತವೆ, ಭೂಮಿಯ ಕಾಂತಶಕ್ತಿ ಅವನ್ನು ಧ್ರುವಗಳತ್ತ ತಿರುಗಿಸುತ್ತದೆ, ಅಲ್ಲಿ ಅವು ಗಾಳಿಗೆ ಬಡಿದಾಗ ಬೆಳಕು ಹುಟ್ಟುತ್ತದೆ. ಈ ಸಲ ಹೊಡೆತ ಜೋರಾಗಿದ್ದುದರಿಂದ ಬೆಳಕು ಹಿಮಾಲಯದವರೆಗೂ ಬಂತು. ಪಠ್ಯಪುಸ್ತಕ, ಟಿವಿ, ಪತ್ರಿಕೆ ಎಲ್ಲೆಡೆ ಇದೇ ಮಾತು.

ಈ ವಿವರಣೆಯ ಬೆನ್ನಿಗೆ ಮೂರು ತೀರ್ಮಾನಗಳು ತಾವಾಗಿಯೇ ಬರುತ್ತವೆ. ಬೆಳಕಿನ ಮೂಲ ಸೂರ್ಯನೇ ಆದರೆ ಸೂರ್ಯನನ್ನು ಗಮನಿಸಿದರೆ ಸಾಕು, ಪರಿಣಾಮವನ್ನು ಪ್ರತ್ಯೇಕವಾಗಿ ಅಳೆಯಬೇಕಿಲ್ಲ. ಉಪಗ್ರಹಗಳು ಕಳಿಸುವ ಧ್ರುವಪ್ರಭೆಯ ಚಿತ್ರ ಕ್ಯಾಲೆಂಡರಿಗೆ ಒಪ್ಪುವ ಚೆಲುವೇ ಹೊರತು ಅದರಲ್ಲಿ ಹೊಸ ತಿಳಿವು ಹೆಚ್ಚಿಲ್ಲ. ಕೊನೆಯದಾಗಿ, ಇದೆಲ್ಲ ನಾರ್ವೆ, ಕೆನಡಾ ದೇಶಗಳವರ ವಿಷಯ. ಭೂಕಾಂತೀಯ ಸಮಭಾಜಕದ ಬಳಿ ಕೂತಿರುವ ಬೆಂಗಳೂರಿಗೆ ಅದರ ಗೊಡವೆ ಬೇಡ. ಮೂರೂ ತಪ್ಪು. ತಪ್ಪಿನ ಬೇರು ಇರುವುದು ಮೊದಲಿನ ವಿವರಣೆಯಲ್ಲಿ.

ಆ ವಿವರಣೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅದರ ಹಿಂದೆ ದೊಡ್ಡ ಪ್ರಯೋಗವೊಂದಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಾರ್ವೆಯ ಕ್ರಿಸ್ಟಿಯನ್ ಬಿರ್ಕ್‌ಲೆಂಡ್ ನಿರ್ವಾತ ಪೆಟ್ಟಿಗೆಯೊಳಗೆ ಕಾಂತೀಯ ಗೋಳವೊಂದನ್ನಿಟ್ಟು ಅದರ ಮೇಲೆ ಎಲೆಕ್ಟ್ರಾನುಗಳನ್ನು ಹಾಯಿಸಿದ. ಗೋಳದ ಧ್ರುವಗಳ ಸುತ್ತ ಬೆಳಕಿನ ಬಳೆಗಳು ಮೂಡಿದವು. ಕಣ್ಣಿಗೆ ಕಂಡ ಇಂಥ ಪುರಾವೆಯನ್ನು ಯಾರಾದರೂ ಹೇಗೆ ಬಿಟ್ಟಾರು? ಸೂರ್ಯನ ಪಾತ್ರಕ್ಕೂ ಸಾಕ್ಷಿಗಳಿದ್ದವು. 1859ರ ಸೆಪ್ಟೆಂಬರ್ 1ರಂದು ರಿಚರ್ಡ್ ಕ್ಯಾರಿಂಗ್ಟನ್ ಇಂಗ್ಲೆಂಡಿನಿಂದ ಸೂರ್ಯನ ಮೇಲೆ ಸ್ಫೋಟವೊಂದನ್ನು ಕಂಡ. ಮರುದಿನ ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಕಾಂತಮಾಪಕ ಸುಮಾರು 1,600 ನ್ಯಾನೋಟೆಸ್ಲಾದಷ್ಟು ಕುಸಿತ ದಾಖಲಿಸಿತು. ಇಂದಿಗೂ ಜಗತ್ತಿನ ವಿಜ್ಞಾನಿಗಳು ಆ ಕಾಂತೀಯ ಬಿರುಗಾಳಿಯ ತೀವ್ರತೆಯನ್ನು ಅಂದಾಜಿಸಲು ಆ ಭಾರತೀಯ ದಾಖಲೆಯನ್ನೇ ನೋಡುತ್ತಾರೆ. 1872ರ ಫೆಬ್ರವರಿ 4ರಂದು ಮುಂಬಯಿಯಲ್ಲೇ ಧ್ರುವಪ್ರಭೆ ಕಂಡ ವರದಿಗಳಿವೆ. ಸೂರ್ಯನಿಲ್ಲದೆ ಧ್ರುವಪ್ರಭೆಯಿಲ್ಲ ಎಂಬುದರಲ್ಲಿ ಅನುಮಾನವೇ ಇಲ್ಲ. ಪ್ರಶ್ನೆ ಇರುವುದು ಸೂರ್ಯನ ಕಣಗಳೇ ನೇರವಾಗಿ ಬಂದು ಬೆಳಕಾಗುತ್ತವೆಯೇ ಎಂಬಲ್ಲಿ. ನೇರ ಹೊಡೆತದ ವಾದ ನಿಲ್ಲಬೇಕಾದರೆ ಮೂರು ತೊಡಕುಗಳಿಗೆ ಉತ್ತರ ಹೇಳಬೇಕು.

1. ಜಾಗ. ಕಣಗಳು ಸೂರ್ಯನ ಕಡೆಯಿಂದ ಬಂದು ಬಡಿಯುವುದಾದರೆ ಸೂರ್ಯನಿಗೆ ಮುಖ ಮಾಡಿದ ಹಗಲಿನ ಮಗ್ಗುಲಲ್ಲಿ ಬೆಳಕು ಹೆಚ್ಚಿರಬೇಕು. ನಡೆಯುವುದು ತದ್ವಿರುದ್ಧ. ಪ್ರಭೆ ಅತಿ ಉಜ್ವಲವಾಗಿ ಸ್ಫೋಟಿಸುವುದು ನಡುರಾತ್ರಿಯ ಆಸುಪಾಸಿನಲ್ಲಿ, ಭೂಮಿಯ ಬೆನ್ನಿನ ಕಡೆ. ಹಗಲಿನಲ್ಲೂ ಅಷ್ಟೇ ಇರುತ್ತದೆ, ಬಿಸಿಲಿಗೆ ಕಾಣುವುದಿಲ್ಲ ಎನ್ನಬಹುದಿತ್ತು. ಆದರೆ ಬಿಸಿಲಿನಲ್ಲೂ ನೋಡಬಲ್ಲ ನೇರಳಾತೀತ ಕ್ಯಾಮೆರಾಗಳು ಮೇಲಿನಿಂದ ನೋಡಿ ಆ ಸಬೂಬನ್ನು ತೆಗೆದುಹಾಕಿವೆ.

2. ಶಕ್ತಿ. ಸೂರ್ಯನಿಂದ ಸದಾ ಹೊಮ್ಮುವ ಕಣಗಳ ಹರಿವಾದ ಸೌರಮಾರುತದ ಎಲೆಕ್ಟ್ರಾನೊಂದರ ಶಕ್ತಿ ಸುಮಾರು 10 ಎಲೆಕ್ಟ್ರಾನ್ ವೋಲ್ಟ್. ಧ್ರುವಪ್ರಭೆಯ ಹಸಿರು ಪರದೆಗಳನ್ನು ಹೊಳೆಸುವ ಎಲೆಕ್ಟ್ರಾನುಗಳ ಶಕ್ತಿ 1,000ದಿಂದ 10,000 ಎಲೆಕ್ಟ್ರಾನ್ ವೋಲ್ಟ್. ನಡುವೆ ಎಲ್ಲೋ ಅವುಗಳ ಶಕ್ತಿ ನೂರರಿಂದ ಸಾವಿರ ಪಟ್ಟು ಏರಿದೆ. ಏರಿಸಿದ್ದು ಸೂರ್ಯನಲ್ಲ.

3. ಕಾಲ. ಸೌರಮಾರುತ ಗಂಟೆಗಟ್ಟಲೆ ಒಂದೇ ಹದದಲ್ಲಿ ಬೀಸುತ್ತಿರುವಾಗಲೂ ಧ್ರುವಪ್ರಭೆ ಅರ್ಧ ಗಂಟೆ, ಒಂದು ಗಂಟೆ ಮಂಕಾಗಿ ಮಲಗಿದ್ದು, ಆಮೇಲೆ ಕೆಲವೇ ನಿಮಿಷಗಳಲ್ಲಿ ಭುಗಿಲೇಳುತ್ತದೆ. ನೇರ ಹೊಡೆತದಲ್ಲಿ ಈ ತಡಕ್ಕೂ ಈ ಹಠಾತ್ತಿಗೂ ಜಾಗವಿಲ್ಲ.

ಮೂರನ್ನೂ ಒಟ್ಟಿಗೆ ಬಿಡಿಸುವ ವಿವರಣೆ ಕಾಂತಗೋಳದ್ದು, ಅಂದರೆ ಭೂಮಿಯ ಸುತ್ತ ಅದರ ಕಾಂತಕ್ಷೇತ್ರ ಆವರಿಸಿರುವ ವಲಯದ್ದು. ಸೌರಮಾರುತ ತನ್ನೊಂದಿಗೆ ಸೂರ್ಯನ ಕಾಂತಕ್ಷೇತ್ರವನ್ನೂ ಹೊತ್ತು ತರುತ್ತದೆ. ಆ ಕ್ಷೇತ್ರ ದಕ್ಷಿಣಾಭಿಮುಖವಾಗಿದ್ದಾಗ ಭೂಮಿಯ ಕಾಂತರೇಖೆಗಳ ಜೊತೆ ಬೆಸೆದುಕೊಂಡು ಅವನ್ನು ಭೂಮಿಯ ಹಿಂದಕ್ಕೆ ಎಳೆದೊಯ್ಯುತ್ತದೆ. ಭೂಮಿಯ ಬೆನ್ನಿಗೆ ಚಂದ್ರನ ಕಕ್ಷೆಯನ್ನೂ ದಾಟಿ ಚಾಚಿಕೊಂಡಿರುವ ಕಾಂತಬಾಲದಲ್ಲಿ ಶಕ್ತಿ ಜಮೆಯಾಗುತ್ತದೆ. ಈ ಬಾಲ ಕಲ್ಪನೆಯಲ್ಲ: ಚಂದ್ರಯಾನ-2ರಲ್ಲಿ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರ ತಯಾರಿಸಿದ 'ಕ್ಲಾಸ್' ಉಪಕರಣ 2019ರಲ್ಲೇ ಚಂದ್ರನ ಜೊತೆ ಬಾಲದೊಳಗೆ ಹಾದು ಅಲ್ಲಿನ ವಿದ್ಯುದಾವಿಷ್ಟ ಕಣಗಳನ್ನು ಗುರುತಿಸಿತು. ಹಿಗ್ಗಿದ ಕಾಂತರೇಖೆಗಳು ಒಂದು ಹಂತದಲ್ಲಿ ಕಡಿದು ಮರುಬೆಸೆಯುತ್ತವೆ. ಬಿಡುಗಡೆಯಾದ ಶಕ್ತಿ ಭೂಮಿಯ ಕಡೆಗೆ ನುಗ್ಗುತ್ತದೆ. ನೆಲದಿಂದ ಕೆಲವು ಸಾವಿರ ಕಿಲೋಮೀಟರ್ ಮೇಲೆ, ಕಾಂತರೇಖೆಗಳ ಗುಂಟ ಏಳುವ ವಿದ್ಯುತ್ ಕ್ಷೇತ್ರಗಳು ಮತ್ತು ಅಲೆಗಳು ಎಲೆಕ್ಟ್ರಾನುಗಳನ್ನು ಕೆಳಗೆ ದೂಡುತ್ತವೆ. ಅವು ವಾಯುಮಂಡಲಕ್ಕೆ ಬಡಿಯುವ ಜಾಗವೇ ಧ್ರುವಪ್ರಭೆ.

ಚಾಮರಾಜಪೇಟೆಯ ನಲ್ಲಿಯಲ್ಲಿ ಬರುವ ಕಾವೇರಿ ನೀರು ಕೊಡಗಿನ ಮಳೆಯದೇ ಇರಬಹುದು. ಆದರೂ ಕೊಡಗಿನಲ್ಲಿ ಎಷ್ಟು ಮಳೆಯಾಯಿತೆಂದು ನೋಡಿ ನಲ್ಲಿಯಲ್ಲಿ ಎಷ್ಟು ಹೊತ್ತಿಗೆ ನೀರು ಬಂದೀತೆಂದು ಯಾರೂ ಹೇಳುವುದಿಲ್ಲ. ಮಳೆ ಅಣೆಕಟ್ಟಿನಲ್ಲಿ ನಿಲ್ಲಬೇಕು, ತೊರೆಕಾಡನಹಳ್ಳಿಯಿಂದ ಪಂಪಾಗಿ ಬರಬೇಕು, ಬೀದಿಯ ವಾಲ್ವ್ ತಿರುಗಬೇಕು. ನೇರ ಹೊಡೆತದ ವಾದ ಅಣೆಕಟ್ಟು, ಪಂಪು, ವಾಲ್ವ್ ಮೂರನ್ನೂ ಬಿಟ್ಟು ಮಳೆಗೂ ನಲ್ಲಿಗೂ ಗಂಟು ಹಾಕುತ್ತದೆ.

ಇಲ್ಲಿ ನ್ಯಾಯವಾದ ಎರಡು ಆಕ್ಷೇಪಗಳಿವೆ. ಮೊದಲನೆಯದು: ನೇರವಾಗಿ ಬರುವ ಕಣಗಳು ಇಲ್ಲವೇ ಇಲ್ಲವೇ? ಇವೆ. ಎರಡೂ ಧ್ರುವಗಳ ಬಳಿ, ನಡುಹಗಲಿನ ದಿಕ್ಕಿನಲ್ಲಿ, ಕಾಂತಗೋಳಕ್ಕೆ ಆಲಿಕೆಯಾಕಾರದ ಒಂದೊಂದು ಸಂದು ಇದೆ. ಅಲ್ಲಿಂದ ಸೌರಮಾರುತದ ಪ್ರೋಟಾನುಗಳು ಒಳಗಿಳಿಯುತ್ತವೆ. 2000ದ ಮಾರ್ಚಿನಲ್ಲಿ ಹಾರಿದ ನಾಸಾದ 'ಇಮೇಜ್' ಉಪಗ್ರಹ ಪ್ರೋಟಾನುಗಳು ಹೊಮ್ಮಿಸುವ ಬೆಳಕನ್ನೇ ಬೇರ್ಪಡಿಸಿ ನೋಡಬಲ್ಲ ಕ್ಯಾಮೆರಾ ಹೊತ್ತಿತ್ತು. ಆ ಸಂದಿನ ಬುಡದಲ್ಲಿ ಗಂಟೆಗಟ್ಟಲೆ ಆರದೆ ಉಳಿದ ಹೊಳೆಯುವ ಚುಕ್ಕೆಯೊಂದನ್ನು ಅದು ತೋರಿಸಿತು. ಇನ್ನೂ ಸ್ವಾರಸ್ಯದ ಪ್ರಸಂಗ 2022ರ ಡಿಸೆಂಬರ್ 25ರದು. ಆ ದಿನ ಸೌರಮಾರುತ ಬಹುಪಾಲು ನಿಂತೇಹೋಗಿತ್ತು. ಆಗ ಸೂರ್ಯನಿಂದ ನೇರವಾಗಿ ಹರಿದುಬಂದ ಎಲೆಕ್ಟ್ರಾನುಗಳು ಇಡೀ ಉತ್ತರ ಧ್ರುವದ ನೆತ್ತಿಯನ್ನು ನಯವಾದ ಹಸಿರಿನಿಂದ ತುಂಬಿದವು. ನೆಲದಿಂದ ಕಂಡ ಈ ವಿಚಿತ್ರ ಬೆಳಕು ಸಾವಿರಾರು ಕಿಲೋಮೀಟರ್ ಅಗಲ ಹರಡಿತ್ತೆಂದು ತಿಳಿದದ್ದು ಉಪಗ್ರಹದ ನೇರಳಾತೀತ ಚಿತ್ರಗಳಿಂದ. ಅಂದರೆ ನೇರ ಹೊಡೆತದ ಪ್ರಭೆ ಹೇಗಿರುತ್ತದೆಂದು ವಿಜ್ಞಾನಿಗಳಿಗೆ ಗೊತ್ತು: ಸಮತಟ್ಟು, ಅಲುಗಾಡದ್ದು, ಅಪರೂಪದ್ದು. ಕುಣಿಯುವ, ಸೀಳುವ, ಹಠಾತ್ತನೆ ಸಿಡಿಯುವ ಪ್ರಭೆ ಅದಲ್ಲ. ವಿನಾಯಿತಿಯೇ ನಿಯಮವನ್ನು ಗಟ್ಟಿ ಮಾಡಿತು.

ಎರಡನೆಯ ಆಕ್ಷೇಪ ಇನ್ನೂ ತೂಕದ್ದು. ಈ ತಿಳಿವೆಲ್ಲ ಉಪಗ್ರಹಗಳಿಂದಲೇ ಬಂತೇ? ಇಲ್ಲ. 1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಧ್ರುವಪ್ರದೇಶಗಳಲ್ಲಿ ಇಡೀ ಆಕಾಶವನ್ನು ಹಿಡಿಯುವ ಕ್ಯಾಮೆರಾಗಳ ಸಾಲನ್ನೇ ಹೂಡಲಾಗಿತ್ತು. ಅವುಗಳ ಚಿತ್ರಗಳನ್ನು ತಾಳ್ಮೆಯಿಂದ ಜೋಡಿಸಿ ರಷ್ಯಾದ ಯಾಕೊವ್ ಫೆಲ್ಡ್‌ಸ್ಟೈನ್ ಧ್ರುವಪ್ರಭೆ ರಾತ್ರಿಯ ಕಡೆಗೆ ಸರಿದ ಅಂಡಾಕಾರದ ಉಂಗುರವೆಂದ. ಸ್ಯುನ್-ಇಚಿ ಅಕಾಸೊಫು 1964ರಲ್ಲಿ ಆ ಉಂಗುರ ನಡುರಾತ್ರಿಯಲ್ಲಿ ಸಿಡಿದು ಹರಡುವ ಕ್ರಮವನ್ನು ಹಂತ ಹಂತವಾಗಿ ಬರೆದ. ಎರಡೂ ನೆಲದ ಕೆಲಸ, ಎರಡೂ ಮೇಲ್ದರ್ಜೆಯ ಕೆಲಸ. ಆದರೆ ನೆಲದ ಕ್ಯಾಮೆರಾವೊಂದು ನೂರು ಕಿಲೋಮೀಟರ್ ಎತ್ತರದ ಬೆಳಕನ್ನು ಸುತ್ತ ಐನೂರು ಕಿಲೋಮೀಟರಿನಷ್ಟೇ ಚೆನ್ನಾಗಿ ಕಾಣಬಲ್ಲದು. ಮೋಡ ಬಂದರೆ ಅದೂ ಇಲ್ಲ. ಬೇಸಿಗೆಯ ತಿಂಗಳುಗಳಲ್ಲಿ ಧ್ರುವದ ಬಳಿ ರಾತ್ರಿಯೇ ಆಗುವುದಿಲ್ಲ. ದಕ್ಷಿಣದ ಉಂಗುರದ ಬಹುಪಾಲು ಸಮುದ್ರ ಮತ್ತು ಹಿಮದ ಮೇಲಿದೆ. ಹೀಗಾಗಿ ಫೆಲ್ಡ್‌ಸ್ಟೈನ್ ಮತ್ತು ಅಕಾಸೊಫು ಕಟ್ಟಿದ್ದು ಹಲವು ರಾತ್ರಿಗಳ ಚೂರುಗಳಿಂದ ಜೋಡಿಸಿದ ಉಂಗುರ. ಒಂದೇ ಕ್ಷಣದಲ್ಲಿ ಅದು ಇಡಿಯಾಗಿ ಇರುತ್ತದೆಯೇ ಎಂದು ಕೇಳಿದವರಿಗೆ ನೆಲದಿಂದ ಉತ್ತರವಿರಲಿಲ್ಲ. ಆ ಊಹೆಗೆ ವಿರೋಧವೂ ಸಾಕಷ್ಟಿತ್ತು.

ಉತ್ತರ ಬಂದದ್ದು ಮೇಲಿನಿಂದ, ಕಂತುಗಳಲ್ಲಿ. 1971ರಲ್ಲಿ ಹಾರಿದ ಕೆನಡಾದ ಐಸಿಸ್-2 ಧ್ರುವದ ಮೇಲೆ ಹಾಯುವಾಗ ಉಂಗುರವನ್ನು ಗೆರೆ ಗೆರೆಯಾಗಿ ಬಿಡಿಸಿತು. 1972ರ ಏಪ್ರಿಲ್‌ನಲ್ಲಿ ಅಪೊಲೊ-16ರ ಯಾತ್ರಿಗಳು ಜಾರ್ಜ್ ಕ್ಯಾರುತರ್ಸ್ ರೂಪಿಸಿದ ನೇರಳಾತೀತ ಕ್ಯಾಮೆರಾವನ್ನು ಚಂದ್ರನ ನೆಲದ ಮೇಲಿಟ್ಟು ಭೂಮಿಯನ್ನು ನೋಡಿದರು. ಧ್ರುವಪ್ರಭೆಯೂ ಅದರಲ್ಲಿ ಕಂಡಿತು. ನಿಜವಾದ ತಿರುವು 1981ರ ಆಗಸ್ಟ್‌ನಲ್ಲಿ ಹಾರಿದ ಡೈನಮಿಕ್ಸ್ ಎಕ್ಸ್‌ಪ್ಲೋರರ್-1. ಸುಮಾರು 23,000 ಕಿಲೋಮೀಟರ್ ಎತ್ತರಕ್ಕೇರುವ ಅದರ ಕಕ್ಷೆಯಿಂದ ಅಯೋವಾ ವಿಶ್ವವಿದ್ಯಾಲಯದ ಲೂಯಿ ಫ್ರ್ಯಾಂಕ್ ಅವರ ತಂಡದ ಕ್ಯಾಮೆರಾ ಉಂಗುರವನ್ನು ಒಂದೇ ನೋಟದಲ್ಲಿ, ಮತ್ತೆ ಮತ್ತೆ ಸೆರೆಹಿಡಿಯಿತು. ವಿವಾದ ಮುಗಿಯಿತು. ಜೊತೆಗೆ ಯಾರೂ ನಿರೀಕ್ಷಿಸದ ಒಂದು ರೂಪವೂ ಸಿಕ್ಕಿತು: ಉಂಗುರದ ನಡುವೆ ಹಗಲಿನ ಅಂಚಿನಿಂದ ರಾತ್ರಿಯ ಅಂಚಿನವರೆಗೆ ಅಡ್ಡಹಾಯುವ ಬೆಳಕಿನ ಪಟ್ಟಿ. ಗ್ರೀಕ್ ಅಕ್ಷರದ ಆಕಾರ ಹೋಲುವ ಅದಕ್ಕೆ 'ಥೀಟಾ' ಎಂದು ಹೆಸರಿಟ್ಟರು. ನೆಲದ ಮೇಲೆ ನಿಂತವನಿಗೆ ಅದು ಮತ್ತೊಂದು ಬೆಳಕಿನ ಗೆರೆ ಮಾತ್ರ. ಇಡೀ ಆಕಾರ ಕಾಣದೆ ಅದರ ಅರ್ಥವಿಲ್ಲ.

ಉತ್ತರ ಮತ್ತು ದಕ್ಷಿಣದ ಪ್ರಭೆಗಳು ಕನ್ನಡಿಯ ಬಿಂಬದಂತೆ ಒಂದೇ ಎಂಬ ಇನ್ನೊಂದು ನಂಬಿಕೆಯೂ ಹೀಗೆಯೇ ಬಿತ್ತು. ಒಂದೇ ಕಾಂತರೇಖೆಯ ಎರಡು ತುದಿಗಳಾದ್ದರಿಂದ ಎರಡೂ ಕಡೆ ಬೆಳಕು ಒಂದೇ ಇರಬೇಕೆಂಬುದು ತರ್ಕಕ್ಕೆ ಒಪ್ಪುವ ಮಾತು. 2001ರ ಮೇ ತಿಂಗಳ ಒಂದು ದಿನ 'ಇಮೇಜ್' ಮತ್ತು 'ಪೋಲಾರ್' ಉಪಗ್ರಹಗಳು ಏಕಕಾಲದಲ್ಲಿ ಎರಡು ಧ್ರುವಗಳನ್ನು ನೋಡಿದಾಗ ಉತ್ತರದಲ್ಲಿ ಉಜ್ವಲ ಜಾಗ ಒಂದು ಕಡೆ, ದಕ್ಷಿಣದಲ್ಲಿ ಇನ್ನೊಂದು ಕಡೆ ಇತ್ತು. ತರ್ಕ ಚೆನ್ನಾಗಿದ್ದರೂ ಅಳತೆ ಅದನ್ನು ಒಪ್ಪಲಿಲ್ಲ.

ಉಪಗ್ರಹಗಳೊಂದೇ ಸಾಕೆಂದೂ ಅಲ್ಲ. ಧ್ರುವಪ್ರಭೆಯ ಪರದೆಗಳು ಕೆಲವೊಮ್ಮೆ ನೂರು ಮೀಟರಿನಷ್ಟು ತೆಳು. ದೂರದ ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆಯೇ ಹತ್ತಾರು ಕಿಲೋಮೀಟರ್ ಆಗಿರುತ್ತದೆ. ಸೂಕ್ಷ್ಮ ಬೇಕಾದಾಗ ನೆಲದ ಕ್ಯಾಮೆರಾವೇ ಗತಿ. ಎರಡನ್ನೂ ಕೂಡಿಸಿದ್ದಕ್ಕೆ ಒಳ್ಳೆಯ ಉದಾಹರಣೆ 2007ರಲ್ಲಿ ಹಾರಿದ ನಾಸಾದ 'ಥೀಮಿಸ್': ಕಾಂತಬಾಲದಲ್ಲಿ ಸಾಲಾಗಿ ನಿಂತ ಐದು ಉಪಗ್ರಹಗಳು, ಕೆಳಗೆ ಉತ್ತರ ಅಮೆರಿಕದ ಉದ್ದಕ್ಕೂ 20 ಕ್ಯಾಮೆರಾಗಳು. 2008ರ ಫೆಬ್ರವರಿ 26ರಂದು ಭೂಮಿಯಿಂದ ಸುಮಾರು 20 ಭೂತ್ರಿಜ್ಯಗಳ ದೂರದಲ್ಲಿ ಕಾಂತರೇಖೆಗಳು ಮರುಬೆಸೆದ ಕುರುಹು ಮೊದಲು ಸಿಕ್ಕಿತು, ಒಂದೂವರೆ ನಿಮಿಷದ ಆಚೀಚೆ ಪ್ರಭೆ ಸಿಡಿಯಿತು. ಕಾರಣ ಬೆನ್ನ ಹಿಂದಿನ ಬಾಲದಲ್ಲಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಈಗ ಚಿತ್ರ ಬರೀ ಚೆಲುವು ಎಂಬ ಮಾತಿಗೆ ಬರಬಹುದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಗಗನಯಾತ್ರಿಗಳು ತೆಗೆಯುವ ಹಸಿರು ಜಮಖಾನದಂಥ ಚಿತ್ರಗಳೇ ಜನರ ಮನಸ್ಸಿನಲ್ಲಿರುವುದರಿಂದ ಈ ಮಾತು ಹುಟ್ಟಿದೆ. ನಿಲ್ದಾಣ ಹಾರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಅದು ಪ್ರಭೆಯನ್ನು ಪಕ್ಕದಿಂದ, ತುಂಡಾಗಿ ನೋಡುತ್ತದೆ. ವಿಜ್ಞಾನದ ಕ್ಯಾಮೆರಾ ಬೇರೆಯದೇ ವಸ್ತು. ಅದು ಸಾಮಾನ್ಯವಾಗಿ 140ರಿಂದ 180 ನ್ಯಾನೋಮೀಟರಿನ ದೂರ ನೇರಳಾತೀತ ಬೆಳಕಿನಲ್ಲಿ ನೋಡುತ್ತದೆ, ನೈಟ್ರೋಜನ್ ಅಣುಗಳು ಹೊಮ್ಮಿಸುವ ಬೆಳಕಿನ ಪಟ್ಟಿ ಅಲ್ಲಿದೆ. ಈ ಬೆಳಕನ್ನು ವಾಯುಮಂಡಲದ ಆಮ್ಲಜನಕ ನುಂಗಿಬಿಡುವುದರಿಂದ ನೆಲಕ್ಕೆ ಅದು ಇಳಿಯುವುದೇ ಇಲ್ಲ. ನೆಲದಿಂದ ಎಂಥ ಟೆಲಿಸ್ಕೋಪ್ ಇಟ್ಟರೂ ಕಾಣದು. ಅದೇ ಕಾರಣಕ್ಕೆ ಮೋಡ, ಹಿಮ, ಸಮುದ್ರಗಳಿಂದ ಪ್ರತಿಫಲಿಸುವ ಬಿಸಿಲಿನ ಕಾಟವೂ ಮೇಲಿನ ಕ್ಯಾಮೆರಾಗೆ ಇಲ್ಲ. ಹಗಲಿನಲ್ಲಿ ವಾಯುಮಂಡಲದ ಮೇಲ್ಪದರ ತಾನೇ ಸ್ವಲ್ಪ ಹೊಳೆಯುತ್ತದೆ, ಅದನ್ನು ಕಳೆಯಬೇಕು, ಅಷ್ಟೇ.

ಇನ್ನು ಅಳತೆ. ಹೆಚ್ಚು ಶಕ್ತಿಯ ಎಲೆಕ್ಟ್ರಾನು ವಾಯುಮಂಡಲದೊಳಗೆ ಆಳಕ್ಕಿಳಿದು ಬೆಳಕು ಹುಟ್ಟಿಸುತ್ತದೆ. ಆ ಬೆಳಕು ಮೇಲೇರಿ ಉಪಗ್ರಹ ಮುಟ್ಟಬೇಕಾದರೆ ಹೆಚ್ಚು ಆಮ್ಲಜನಕವನ್ನು ದಾಟಬೇಕು, ಮತ್ತು ಆಮ್ಲಜನಕ ಈ ಪಟ್ಟಿಯ ಕಿರುತರಂಗದ ಭಾಗವನ್ನು ಹೆಚ್ಚು ಹೀರುತ್ತದೆ. ಒಂದೇ ಜಾಗವನ್ನು ಎರಡು ಫಿಲ್ಟರುಗಳಲ್ಲಿ, ಒಂದು ಕಿರುತರಂಗಕ್ಕೆ ಇನ್ನೊಂದು ಉದ್ದತರಂಗಕ್ಕೆ, ಅಳೆದು ಭಾಗಿಸಿದರೆ ಬಂದ ಎಲೆಕ್ಟ್ರಾನುಗಳ ಸರಾಸರಿ ಶಕ್ತಿ ಸಿಗುತ್ತದೆ. ಉದ್ದತರಂಗದ ಹೊಳಪು ಒಟ್ಟು ಎಷ್ಟು ಶಕ್ತಿ ಸುರಿಯಿತೆಂದು ಹೇಳುತ್ತದೆ. ಶಕ್ತಿ ಮತ್ತು ಆಳ ಗೊತ್ತಾದರೆ ವಾಯುಮಂಡಲದ ವಿದ್ಯುದಾವಿಷ್ಟ ಮೇಲ್ಪದರವಾದ ಅಯಾನುಗೋಳದ ವಿದ್ಯುದ್ವಾಹಕತೆ ಎಲ್ಲಿ ಎಷ್ಟು ಏರಿತೆಂದು ಲೆಕ್ಕ ಹಾಕಬಹುದು. ಅದರಿಂದ ಅಲ್ಲಿ ಹರಿಯುವ ವಿದ್ಯುತ್ ಪ್ರವಾಹಗಳ ಅಂದಾಜು ಸಿಗುತ್ತದೆ. ಧ್ರುವಪ್ರಭೆಯ ನೇರಳಾತೀತ ಚಿತ್ರದ ಪ್ರತಿ ಚುಕ್ಕೆಯೂ ಒಂದು ಮಾಪನ. ಇಡೀ ಧ್ರುವಪ್ರದೇಶಕ್ಕೆ ಎಷ್ಟು ಶಕ್ತಿ ಇಳಿಯಿತೆಂದು ಒಂದೆರಡು ನಿಮಿಷಕ್ಕೊಮ್ಮೆ ಹೇಳಬಲ್ಲ ಬೇರೆ ವಿಧಾನ ಸದ್ಯಕ್ಕೆ ಇಲ್ಲ.

ಹಾನ್ಲೆಯ ಕೆಂಪನ್ನೂ ಇದೇ ಒರೆಗೆ ಹಚ್ಚಬೇಕು. ಬೆಳಕು ಹಿಮಾಲಯಕ್ಕೆ ಬಂತು ಎಂಬ ಮಾತು ರೇಖಾಗಣಿತದಲ್ಲೇ ನಿಲ್ಲುವುದಿಲ್ಲ. ಆಮ್ಲಜನಕದ 630 ನ್ಯಾನೋಮೀಟರಿನ ಕೆಂಪು ಹುಟ್ಟುವುದು 200 ಕಿಲೋಮೀಟರಿಗಿಂತ ಮೇಲೆ. 400 ಕಿಲೋಮೀಟರ್ ಎತ್ತರದ ಬೆಳಕೊಂದು ತತ್ತ್ವಶಃ 2,200 ಕಿಲೋಮೀಟರ್ ದೂರದವರಿಗೂ ದಿಗಂತದಲ್ಲಿ ಕಾಣುತ್ತದೆ. ಹಾನ್ಲೆಯಲ್ಲಿ ಕಂಡದ್ದು ಉತ್ತರ ದಿಗಂತಕ್ಕೆ ಅಂಟಿದ ಹೊಳಪು, ನೆತ್ತಿಯ ಮೇಲಿನದಲ್ಲ. ಅದು ಎಷ್ಟು ದೂರದ್ದು, ಎಷ್ಟು ಎತ್ತರದ್ದು? ಒಂದೇ ಜಾಗದ ಕ್ಯಾಮೆರಾದಿಂದ ಎರಡನ್ನೂ ಹೇಳಲಾಗದು. ನಾರ್ವೆಯ ಕಾರ್ಲ್ ಸ್ಟೋರ್ಮರ್ ಶತಮಾನದ ಹಿಂದೆಯೇ ಎರಡು ಊರುಗಳಿಂದ ಒಂದೇ ಕ್ಷಣದಲ್ಲಿ ಚಿತ್ರ ತೆಗೆದು ಎತ್ತರ ಅಳೆದದ್ದು ಈ ಕಾರಣಕ್ಕೆ. ಅದು ನಿಜವಾದ ಧ್ರುವಪ್ರಭೆಯ ಮೇಲಂಚೋ, ಅಥವಾ ಭೂಮಿಯ ಸುತ್ತಲಿನ ಕಣಗಳ ಉಂಗುರದಿಂದ ಕಾಂತರೇಖೆಗಳ ಗುಂಟ ಕೆಳಗೆ ಹರಿಯುವ ಶಾಖ ಮೂಡಿಸುವ ಸ್ಥಿರ ಕೆಂಪು ಕಮಾನೋ ಎಂಬುದು ವಿಜ್ಞಾನಿಗಳ ನಡುವೆ ಗಂಭೀರ ಪ್ರಶ್ನೆ; ಎರಡರ ಹುಟ್ಟೂ ಬೇರೆ ಬೇರೆ. ಅದನ್ನು ಇತ್ಯರ್ಥ ಮಾಡಲು ಹಾನ್ಲೆಯ ಚಿತ್ರದ ಜೊತೆಗೆ ಆ ಹೊತ್ತಿನಲ್ಲಿ ಮೇಲಿನಿಂದ ನೋಡಿದ ಚಿತ್ರ ಬೇಕು.

ಭಾರತಕ್ಕೆ ಇದರಿಂದ ಏನು? ಮೊದಲು ಒಂದನ್ನು ಒಪ್ಪಿಕೊಳ್ಳಬೇಕು. 1989ರ ಮಾರ್ಚ್ 13ರಂದು ಧ್ರುವಪ್ರಭೆಯ ಪ್ರವಾಹಗಳು ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿದ್ಯುತ್ ಜಾಲವನ್ನು ಒಂದೂವರೆ ನಿಮಿಷದಲ್ಲಿ ಕೆಡವಿ ಅರವತ್ತು ಲಕ್ಷ ಜನರನ್ನು ಗಂಟೆಗಟ್ಟಲೆ ಕತ್ತಲಲ್ಲಿಟ್ಟವು. ಬೆಂಗಳೂರಿಗೆ ಆ ಮಟ್ಟದ ಅಪಾಯವಿದೆ ಎಂದು ಹೆದರಿಸುವುದು ತಪ್ಪು. ಆದರೆ ನಗರದ ಪಾಲು ಬೇರೆ ದಾರಿಯಿಂದ ಬರುತ್ತದೆ. ಧ್ರುವಪ್ರದೇಶದ ಮೇಲೆ ಸುರಿದ ಶಕ್ತಿ ವಾಯುಮಂಡಲದ ಮೇಲ್ಪದರವನ್ನು ಕಾಯಿಸಿ ಉಬ್ಬಿಸುತ್ತದೆ. ಕೆಳಕಕ್ಷೆಯ ಉಪಗ್ರಹಗಳಿಗೆ ಗಾಳಿಯ ತಡೆ ಹೆಚ್ಚುತ್ತದೆ. 2022ರ ಫೆಬ್ರವರಿಯಲ್ಲಿ ಹಾರಿದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಸುಮಾರು 40 ಬಿದ್ದುಹೋದದ್ದು ಸಾಧಾರಣ ಬಿರುಗಾಳಿಯೊಂದಕ್ಕೆ. ಭಾರತದ ದೂರಸಂವೇದಿ ಉಪಗ್ರಹಗಳು ಧ್ರುವಗಳ ಮೇಲೆಯೇ ಹಾಯುತ್ತವೆ. ಪೀಣ್ಯದ ಇಸ್ಟ್ರ್ಯಾಕ್ ಕೇಂದ್ರ ಅವುಗಳ ಜಾಡು ಕಾಯುತ್ತದೆ. ಹಾಸನದಿಂದ ನಿಯಂತ್ರಿಸುವ ಭೂಸ್ಥಿರ ಉಪಗ್ರಹಗಳಿರುವುದು ಇನ್ನೂ ಸೂಕ್ಷ್ಮ ಜಾಗದಲ್ಲಿ: ಕಾಂತಬಾಲ ಕಡಿದಾಗ ಭೂಮಿಯತ್ತ ನುಗ್ಗುವ ಎಲೆಕ್ಟ್ರಾನುಗಳ ದಾರಿಯಲ್ಲಿ. ಪ್ರಭೆ ಸಿಡಿಯುವ ಅದೇ ನಿಮಿಷಗಳಲ್ಲಿ ಅವುಗಳ ಮೈಮೇಲೆ ವಿದ್ಯುದಾವೇಶ ಕೂಡುತ್ತದೆ. ಮೂರನೆಯದು ಬೆಂಗಳೂರಿಗೆ ಅತಿ ಹತ್ತಿರದ್ದು. ಧ್ರುವಪ್ರದೇಶದ ವಿದ್ಯುತ್ ಕ್ಷೇತ್ರಗಳು ಬಿರುಗಾಳಿಯ ವೇಳೆ ಹೆಚ್ಚು ತಡವಿಲ್ಲದೆ ಸಮಭಾಜಕದ ಅಯಾನುಗೋಳಕ್ಕೆ ತಲುಪುತ್ತವೆ. ಅಲ್ಲಿನ ಪ್ಲಾಸ್ಮಾವನ್ನು ಮೇಲೆತ್ತಿ ದಕ್ಷಿಣ ಭಾರತದ ಮೇಲಿನ ಉಪಗ್ರಹ ಸಂಚಾರ ಸಂಕೇತಗಳನ್ನು ಕದಡುತ್ತವೆ. ವಿಮಾನಗಳಿಗಾಗಿ ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಕಟ್ಟಿದ 'ಗಗನ್' ಪಥದರ್ಶಿ ವ್ಯವಸ್ಥೆಯ ದೊಡ್ಡ ಸವಾಲೇ ಈ ಅಯಾನುಗೋಳ. ಇಲ್ಲಿ ಕದಡಿದ್ದರ ಕಾರಣ ಅಲ್ಲಿರುವಾಗ ಅಲ್ಲಿಯದನ್ನು ನೋಡದೆ ಇಲ್ಲಿಯದನ್ನು ಮುನ್ನುಡಿಯುವುದು ಹೇಗೆ?

ಸೂರ್ಯನನ್ನು ಗಮನಿಸುವ ಇಸ್ರೋದ ಆದಿತ್ಯ-ಎಲ್1 ಇದೆಯಲ್ಲ ಎಂಬುದು ಸಹಜ ಉತ್ತರ. 2023ರ ಸೆಪ್ಟೆಂಬರ್ 2ರಂದು ಹಾರಿ 2024ರ ಜನವರಿ 6ರಂದು ನೆಲೆ ಸೇರಿದ ಆದಿತ್ಯ ಬೆಂಗಳೂರಿನ ಹೆಮ್ಮೆ: ಅದರ ಮುಖ್ಯ ಉಪಕರಣ ವೆಲ್ಕ್ ಐಐಎಯದ್ದು, ಎರಡು ಎಕ್ಸ್-ಕಿರಣ ಮಾಪಕಗಳು ಯು. ಆರ್. ರಾವ್ ಕೇಂದ್ರದವು, ಕಾಂತಮಾಪಕ ಇಸ್ರೋದ ಬೆಂಗಳೂರಿನ ವಿದ್ಯುದ್ದೃಗ್ವಿಜ್ಞಾನ ಪ್ರಯೋಗಾಲಯದ್ದು. ಮೇ 2024ರ ಬಿರುಗಾಳಿಯನ್ನು ಅದು ದಾಖಲಿಸಿತು ಕೂಡ. ಆದರೆ ಆದಿತ್ಯ ನಿಂತಿರುವುದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಸೂರ್ಯನ ಕಡೆಗೆ. ಸೆಕೆಂಡಿಗೆ 400 ಕಿಲೋಮೀಟರ್ ವೇಗದ ಸೌರಮಾರುತ ಅದನ್ನು ದಾಟಿ ಭೂಮಿ ತಲುಪಲು ಒಂದು ಗಂಟೆ ಬೇಕು. ಏನು ಬರುತ್ತಿದೆ, ಅದರ ಕಾಂತಕ್ಷೇತ್ರ ಯಾವ ದಿಕ್ಕಿನದು ಎಂಬುದನ್ನು ಅದು ಹೇಳುತ್ತದೆ. ಬಂದದ್ದರಲ್ಲಿ ಎಷ್ಟನ್ನು ಕಾಂತಗೋಳ ಒಳಗಿಟ್ಟುಕೊಂಡಿತು, ಯಾವಾಗ ಎಲ್ಲಿ ಬಿಟ್ಟಿತು ಎಂಬುದು ಅದಕ್ಕೆ ಕಾಣುವುದಿಲ್ಲ. ನೇರ ಹೊಡೆತದ ವಾದ ನಿಜವಾಗಿದ್ದರೆ ಆದಿತ್ಯವೊಂದೇ ಸಾಕಾಗುತ್ತಿತ್ತು.

ಬೇರೆ ದೇಶಗಳ ಮಾಹಿತಿ ಉಚಿತವಾಗಿ ಸಿಗುತ್ತದಲ್ಲ ಎಂಬ ಆಕ್ಷೇಪವೂ ಇದೆ. ಸಿಗುತ್ತದೆ, ಇದ್ದಾಗ. 'ಇಮೇಜ್' 2005ರ ಡಿಸೆಂಬರಿನಲ್ಲಿ ಮಾತು ನಿಲ್ಲಿಸಿತು, 'ಪೋಲಾರ್' 2008ರಲ್ಲಿ ಮುಗಿಯಿತು. ಆಮೇಲೆ ಇಡೀ ಉಂಗುರವನ್ನು ಗಂಟೆಗಟ್ಟಲೆ ಬಿಡದೆ ನೋಡುವ ಕಣ್ಣು ಬಹುಕಾಲ ಇಲ್ಲವಾಯಿತು. ಕೆಳಕಕ್ಷೆಯ ಉಪಗ್ರಹಗಳು ಹಾದುಹೋಗುವಾಗ ತೆಗೆಯುವ ಪಟ್ಟಿಗಳಷ್ಟೇ ಉಳಿದವು. ಈ ಕೊರತೆ ನೀಗಲೆಂದೇ ಯುರೋಪ್ ಮತ್ತು ಚೀನಾ ಜಂಟಿಯಾಗಿ 'ಸ್ಮೈಲ್' ಉಪಗ್ರಹವನ್ನು ರೂಪಿಸಿದವು. ಒಂದು ಉಪಗ್ರಹ ಒಂದು ಸಲಕ್ಕೆ ಒಂದೇ ಧ್ರುವವನ್ನು ಚೆನ್ನಾಗಿ ನೋಡಬಲ್ಲದು. ಎರಡು ಧ್ರುವಗಳು ಸಮನಲ್ಲ ಎಂದು ಈಗಾಗಲೇ ಗೊತ್ತಿದೆ. ಎರಡನೆಯ ಕಣ್ಣಿಗೆ ಜಾಗ ಖಾಲಿಯಿದೆ.

ಭಾರತಕ್ಕೆ ಅದು ನಿಲುಕದ್ದೂ ಅಲ್ಲ. 2015ರ ಸೆಪ್ಟೆಂಬರ್ 28ರಂದು ಹಾರಿದ ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ಟೆಲಿಸ್ಕೋಪನ್ನು ಐಐಎ ಹೊಸಕೋಟೆಯ ತನ್ನ ಪ್ರಯೋಗಾಲಯದಲ್ಲಿ ಜೋಡಿಸಿತು. ಅದರ ದೂರ ನೇರಳಾತೀತ ವಾಹಿನಿ ನೋಡುವುದು 130ರಿಂದ 180 ನ್ಯಾನೋಮೀಟರಿನ ವ್ಯಾಪ್ತಿಯಲ್ಲಿ, ಧ್ರುವಪ್ರಭೆಯ ನೈಟ್ರೋಜನ್ ಪಟ್ಟಿ ಇರುವ ಅದೇ ವ್ಯಾಪ್ತಿ. ಆ ಟೆಲಿಸ್ಕೋಪನ್ನೇ ಭೂಮಿಯತ್ತ ತಿರುಗಿಸಲಾಗದು. ಮಂದ ನಕ್ಷತ್ರಗಳಿಗಾಗಿ ಮಾಡಿದ ಅದರ ನೋಟದ ಅಗಲ ಅರ್ಧ ಡಿಗ್ರಿಯೂ ಇಲ್ಲ, ಭೂಮಿಯ ಹೊಳಪಿಗೆ ಅದರ ಪತ್ತೆಕಗಳು ಕೆಟ್ಟುಹೋದಾವು. ಆದರೆ ಕನ್ನಡಿಗೆ ಲೇಪ, ಫಿಲ್ಟರು, ಒಂದೊಂದೇ ಬೆಳಕಿನ ಕಣವನ್ನು ಎಣಿಸುವ ತಂತ್ರ, ಒಂದಿಷ್ಟೂ ಜಿಡ್ಡು ತಗಲದಂತೆ ಜೋಡಿಸುವ ಶಿಸ್ತು, ಇವೆಲ್ಲ ಈ ಊರಿನ ಕೈಗಳಿಗೆ ಬಂದಿವೆ. ಅಂಟಾರ್ಕ್ಟಿಕಾದಲ್ಲಿ ಭಾರತದ ಮೈತ್ರಿ ಮತ್ತು ಭಾರತಿ ಎರಡು ನೆಲೆಗಳಿವೆ. ನವಿ ಮುಂಬಯಿಯ ಭೂಕಾಂತತ್ವ ಸಂಸ್ಥೆ ಅಲ್ಲಿ ಕಾಂತಮಾಪನ ನಡೆಸುತ್ತದೆ, ಭಾರತಿಯಲ್ಲಿ ಉಪಗ್ರಹಗಳ ಮಾಹಿತಿ ಇಳಿಸಿಕೊಳ್ಳುವ ನೆಲಕೇಂದ್ರವೂ ಇದೆ. ದಕ್ಷಿಣ ಧ್ರುವದ ಪ್ರಭೆಯನ್ನು ಮೇಲಿನಿಂದಲೂ ಕೆಳಗಿನಿಂದಲೂ ಒಟ್ಟಿಗೆ ನೋಡಲು ಬೇಕಾದ ಸಿದ್ಧತೆ ಇಷ್ಟೊಂದು ಇರುವ ದೇಶಗಳು ಹೆಚ್ಚಿಲ್ಲ.

ಕಾಲ ಮಾತ್ರ ಧಾರಾಳವಾಗಿಲ್ಲ. ಆದಿತ್ಯದ ಕಲ್ಪನೆ ಮೂಡಿದ್ದು 2008ರಲ್ಲಿ, ಹಾರಿದ್ದು 15 ವರ್ಷಗಳ ನಂತರ. ಸೂರ್ಯ ಈ ಸಲದ ಚಟುವಟಿಕೆಯ ಗರಿಷ್ಠ ಹಂತವನ್ನು 2024ರಲ್ಲಿ ಮುಟ್ಟಿದ. ಹನ್ನೊಂದು ವರ್ಷಗಳ ಚಕ್ರದಂತೆ ಮುಂದಿನ ಗರಿಷ್ಠ 2035ರ ಆಸುಪಾಸಿಗೆ ಬರಬೇಕು. ಕೋರಮಂಗಲ, ಹೊಸಕೋಟೆ ಮತ್ತು ವಿಮಾನಪುರದ ಯು. ಆರ್. ರಾವ್ ಕೇಂದ್ರದ ವಿಜ್ಞಾನಿಗಳು ಧ್ರುವಪ್ರಭೆಯ ನೇರಳಾತೀತ ಕ್ಯಾಮೆರಾವೊಂದರ ಪ್ರಸ್ತಾವವನ್ನು ಇಸ್ರೋ ಮುಂದೆ ಈಗಲೇ ಇಡಬೇಕು, ಇಸ್ರೋ ಅದನ್ನು ಆದಿತ್ಯದ ಉಳಿದರ್ಧವೆಂದು ಪರಿಗಣಿಸಬೇಕು.